ದತ್ತ, ಸಾಧನೀಯ, ಡಿರೈವ್

ಪಿಯುಸಿ ವಿಜ್ಞಾನಕ್ಕೆ ಸೇರಿದ ಕನ್ನಡ ಮಾಧ್ಯಮದ ಮಕ್ಕಳು ಮೊದಲ ವರ್ಷ ಎಡವುವುದು ಟಾರ್ಕ್, ಮೈಟಾಸಿಸ್‌ನಂಥ ಮಾತುಗಳಿಗಲ್ಲ. ಅವನ್ನು ಮೇಷ್ಟ್ರು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತಾರೆ. ಅವುಗಳ ಅಕ್ಕಪಕ್ಕ ಕೂತಿರುವ ಅಸ್ಯೂಮ್, ಡಿರೈವ್, ಹೆನ್ಸ್, ವೇರ್‌ಆ್ಯಸ್‌ಗಳನ್ನು ಯಾರೂ ವಿವರಿಸುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತದೆಂದೇ ಪಾಠ ಮುಂದೆ ಹೋಗುತ್ತದೆ. ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ನಿವೃತ್ತ ಗಣಿತ ಮೇಷ್ಟ್ರಿಗೂ ಅವರ ತಮ್ಮನ ಮಗಳಿಗೂ ನಡೆದ ಮಾತು ಇದೇ.

“ದೊಡ್ಡಪ್ಪ, ಯೂನಿಫಾರ್ಮ್ ಅಂದ್ರೆ ನನಗೆ ಸ್ಕೂಲ್ ಬಟ್ಟೆ ಅಂತಷ್ಟೇ ಗೊತ್ತಿತ್ತು. ಈಗ ಯೂನಿಫಾರ್ಮ್ ಆಕ್ಸಲರೇಷನ್ ಅಂತಾರೆ. ಅದಕ್ಕೇ ಈ ಪಟ್ಟಿ ಹಿಡಿದಿದ್ದೀನಿ. ದಿನಾ ಹತ್ತು ಪದ ಉರು ಹೊಡೀತೀನಿ.”

ಅವಳ ಮೊಬೈಲಿನಲ್ಲಿದ್ದ ಪಟ್ಟಿಗೆ ಚರಿತ್ರೆಯಿದೆ. ಢಾಕಾದಲ್ಲಿದ್ದುಕೊಂಡು ಬಂಗಾಳದ ಮಕ್ಕಳಿಗೆ ಇಂಗ್ಲಿಷ್ ಓದಿಸುವ ದಾರಿ ಹುಡುಕಿದ ಮೈಕೇಲ್ ವೆಸ್ಟ್, ತೀರಾ ಬಳಕೆಯ ಸುಮಾರು 2000 ಪದಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದರು. ಅವನ್ನು ಬದಿಗಿಟ್ಟು, ನ್ಯೂಜಿಲೆಂಡಿನ ಆವರಿಲ್ ಕಾಕ್ಸ್‌ಹೆಡ್ ಸುಮಾರು 35 ಲಕ್ಷ ಪದಗಳಷ್ಟು ವಿದ್ವತ್ ಬರಹವನ್ನು ಜಾಲಾಡಿದರು. ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ನಾಲ್ಕರಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ಆಯ್ದು 2000ನೇ ಇಸವಿಯಲ್ಲಿ ಹೊರತಂದರು. ಅಂಥ ಬರಹದಲ್ಲಿ ಹೆಚ್ಚುಕಡಿಮೆ ಹತ್ತಕ್ಕೊಂದು ಪದ ಈ ಪಟ್ಟಿಯದು. ಹುಡುಗಿಯ ಹಟದಲ್ಲಿ ಅರ್ಥವಿತ್ತು.

“ಪಟ್ಟಿ ಒಳ್ಳೇದೇ. ಆದ್ರೆ ಬರಿಗೈಯಲ್ಲಿ ಬಂದಿದ್ದೀನಿ ಅಂದ್ಕೊಂಡಿದ್ದೀಯಲ್ಲ, ಅದು ಸರಿಯಲ್ಲ ನೋಡವ್ವ,” ಎಂದರು ಮೇಷ್ಟ್ರು. “ಒಂಬತ್ತನೇ ಕ್ಲಾಸಲ್ಲಿ ‘ಏಕರೂಪ ವೇಗೋತ್ಕರ್ಷ’ ಓದಲಿಲ್ವ? ಪೈಥಾಗೊರಸ್ ಪ್ರಮೇಯ ಹೆಂಗೆ ಬರೀತಿದ್ದೆ?”

“ದತ್ತ, ಸಾಧನೀಯ, ರಚನೆ, ಸಾಧನೆ.”

“ಮನೇಲಿ ನಿಮ್ಮಮ್ಮ ‘ಸಾಧನೀಯ’ ಅಂತಾಳಾ? ಅಡಿಕೆ ಸುಲಿಯೋ ಜಾಗದಲ್ಲಿ ಯಾರಾದ್ರೂ ಅಂತಾರಾ? ಅದೂ ಕಲಿತ ಭಾಷೇನೇ. ‘ಎಂದಿಟ್ಟುಕೊಳ್ಳೋಣ’ ಅಂತ ಬರೀತಿದ್ದೆಯಲ್ಲ, ಅದು ಅಸ್ಯೂಮ್. ‘ಆದ್ದರಿಂದ’ ಅನ್ನೋ ಜಾಗಕ್ಕೆ ಹೆನ್ಸ್. ಯೋಚನೆ ಇದೆ, ಹೆಸರು ಬೇಕಷ್ಟೆ.”

ಹುಡುಗಿ ಒಪ್ಪಲಿಲ್ಲ. “ಇಲ್ಲ ದೊಡ್ಡಪ್ಪ. ‘ದತ್ತ’ ಅಂತ ಬರೆಯೋಕೆ ಮೊದಲು, ಕೊಟ್ಟಿರೋದು ಯಾವುದು, ತೋರಿಸಬೇಕಾದ್ದು ಯಾವುದು ಅಂತ ನಾನು ಬೇರೆ ಮಾಡ್ತಾನೇ ಇರಲಿಲ್ಲ. ಬರೆದೂ ಬರೆದೂ ಬಂತು. ಅಂದ್ಮೇಲೆ ಪದ ಬರೀ ಹೆಸರಲ್ಲ. ಇಂಗ್ಲಿಷ್ ಪದಾನೂ ಹಂಗೇ ಏನಾದ್ರೂ ಕಲಿಸಬಹುದಲ್ಲ?”

ಪದಸಂಪತ್ತನ್ನು ಮಾತಿಗೆ ತೊಡಿಸುವ ಒಡವೆ ಮಾಡಿಬಿಟ್ಟ ಸ್ಪೋಕನ್ ಇಂಗ್ಲಿಷ್ ಕೈಪಿಡಿಗಳಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ. ಹದಿನಾರರ ಹುಡುಗಿ ಅದನ್ನು ಕೇಳಿದ್ದಳು.

ಮೇಷ್ಟ್ರು ಕೊಳದ ನಡುವಿನ ವಸಂತ ಮಂಟಪದತ್ತ ಕೈ ತೋರಿಸಿದರು. ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಇದು. ಪಕ್ಕದ ಮುಸಾಫಿರ್‌ಖಾನಾ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಹೆಸರಿಗೆ ಸೇರಿದ್ದು.

“ಕಮಾನು ನೋಡಿ, ಬಿಜಾಪುರದ ಕಡೆಯ ಕುಶಲಕರ್ಮಿಗಳು ಇಲ್ಲಿ ಕೆಲಸ ಮಾಡಿದ್ರು ಅಂತ ಬರೀತೀಯ ಅಂತಿಟ್ಕೋ. ಪ್ರೂವ್ಸ್ ಅಂತೀಯೋ, ಇಂಡಿಕೇಟ್ಸ್ ಅಂತೀಯೋ?”

“ಶಾಸನದಲ್ಲಿ ಹಂಗಂತ ಇದ್ರೆ ಪ್ರೂವ್ಸ್. ಕಮಾನಷ್ಟೇ ಇದ್ರೆ ಇಂಡಿಕೇಟ್ಸ್.”

“ಸಜೆಸ್ಟ್ಸ್ ಅಂದ್ರೆ?”

“ಇನ್ನೂ ಒಂಚೂರು ಅನುಮಾನ ಇದ್ದಾಗ.”

“ಹಂಗಾದ್ರೆ ನಿನ್ನ ಮಾತು ಒಪ್ಪಿದೆ. ನನಗೆಷ್ಟು ಗೊತ್ತು ಅಂತ ಅಳೆಯದೆ ಈ ಮೂರರಲ್ಲಿ ಒಂದನ್ನ ಆರಿಸೋಕೇ ಆಗಲ್ಲ. ಉರು ಹೊಡೆದವರಿಗೆ ಮೂರೂ ಒಂದೇ.”

“ಸರಿ, ದಿನಾ ಹತ್ತು ಬಿಡ್ತೀನಿ. ಪಟ್ಟಿ ಮಾತ್ರ ಬಿಡಲ್ಲ. ಅದರಲ್ಲಿ ನಮ್ಮ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಬರೋವನ್ನ ಮೊದಲು ಗುರುತು ಹಾಕ್ತೀನಿ.”

“ಎದುರಿಗೆ ಬರೀ ಅರ್ಥ ಬರೀಬೇಡ. ಚಲನೆಯ ಸಮೀಕರಣದ ಡಿರಿವೇಷನ್ ತಗೋ. ಅಸ್ಯೂಮ್‌ನಿಂದ ಹೆನ್ಸ್‌ವರೆಗೆ ನಿನ್ನ ವಾಕ್ಯದಲ್ಲೇ ಬರಿ, ನಾಳೆ ತೋರಿಸು.”

“ಪುಸ್ತಕ ಮುಚ್ಚಿಟ್ಟಾ?”

“ಮೊದಲ ಸಲ ತೆರೆದಿಟ್ಟುಕೊಂಡೇ ಬರಿ.”