ಹೊರೆ ಯಾರದು?

ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ದೊಡ್ಡ ಪ್ರವಾಸಿ ಹಡಗುಗಳು ನೀರಿನಲ್ಲೇ ನಿಂತು ಜನರನ್ನು ದೋಣಿಗಳಲ್ಲಿ ದಡಕ್ಕೆ ಕಳುಹುತ್ತವೆ. ಹಡಗಿನವರೇ ಏರ್ಪಡಿಸಿದ ಸುತ್ತಾಟಕ್ಕೆ ಹೋದವರು ತಡವಾದರೆ ಹಡಗು ಕಾಯುತ್ತದೆ. ಊರಿನವನೊಬ್ಬನ ಗಾಡಿಯನ್ನು ಗೊತ್ತುಮಾಡಿಕೊಂಡವರಿಗಾಗಿ ಕಾಯದು. ಹೆಚ್ಚು ದುಡ್ಡಿಗೆ ನಾವು ಕೊಳ್ಳುವುದು ಈ ನಿಶ್ಚಿಂತೆಯನ್ನು. ಮುದುಕರೂ ಮಕ್ಕಳೊಂದಿಗರೂ ಕೊಂಡರೆ ಹಳಿಯಲಾರೆ. ಆದರೆ ಆ ಹಣದಲ್ಲಿ ಒಂದು ಪಾಲು ಹಡಗಿನಲ್ಲೇ ಉಳಿಯುತ್ತದೆ. ಜನಜಂಗುಳಿಯನ್ನು ಹೊರುವುದು ಮಾತ್ರ ಊರು.

ಹಾಗೆಂದು ಊರಿನವರಿಗೆ ಕೊಟ್ಟದ್ದೆಲ್ಲ ಧರ್ಮವೇ? ದಡದಿಂದ ಫಿರಾ ಪಟ್ಟಣಕ್ಕೆ 500ಕ್ಕೂ ಹೆಚ್ಚು ಮೆಟ್ಟಿಲು. ಜನರನ್ನು ಹೊತ್ತು ಅವನ್ನೇರುವ ಕತ್ತೆಗಳೂ ಊರಿನವರವೇ. 100 ಕಿಲೊ ಮೀರಿದ ಹೊರೆಯನ್ನು ಹೇರಬಾರದೆಂದು ಗ್ರೀಸ್ ಸರಕಾರ 2018ರಲ್ಲಿ ನಿಯಮ ಮಾಡಬೇಕಾಯಿತು.

ನಾನಾದರೆ ಊರಿನವನೊಡನೆಯೇ ಹೋದೇನು. ಮೇಲಕ್ಕೆ ಮಾತ್ರ ಕೇಬಲ್ ಕಾರಿನಲ್ಲಿ. ಇಳಿಯುವಾಗ ಅಲ್ಲಿ ಸಾಲು ಉದ್ದವಾಗಿರುತ್ತದೆ. ಎರಡು ಗಂಟೆ ಮೊದಲೇ ತಂದು ಬಿಡಪ್ಪಾ ಎಂದು ಅವನಿಗೆ ಹೇಳಿಟ್ಟಿರುತ್ತೇನೆ.