ರಜತ ಶಬ್ದಾರ್ಥ ವಿಚಾರ



ಬೆಳ್ಳಿ ಎಂದೊಡನೆ ನಮ್ಮ ಮನಸ್ಸು ದೇವರ ಕೋಣೆಯ ಪಂಚಪಾತ್ರೆ, ಉದ್ಧರಣೆಗಳ ಕಡೆಗೆ ಹರಿಯುತ್ತದೆ. ಆದರೆ ಈ ಶಬ್ದವು ಲೋಹಕ್ಕೆ ಮಾತ್ರ ಮೀಸಲಾದುದಲ್ಲ. ಬೆಳಕು, ಬೆಳಗು, ಬೆಳದಿಂಗಳುಗಳ ಬಳಗಕ್ಕೆ ಸೇರಿದ ಬೆಳ್ಳಿಗೆ ಶುಕ್ರನೆಂಬ ಅರ್ಥವೂ ಉಂಟು. ತೋಡಾರಿನ ಮನೆಮಾತಾದ ತುಳುವಿನಲ್ಲಿಯೂ ಬೆಳ್ಳಿಯು 'ಬೊಳ್ಳಿ', ಬೆಳಕು 'ಬೊಳ್ಪು'. ಸಂಸ್ಕೃತದ 'ರೂಪ್ಯ' ಶಬ್ದಕ್ಕೆ ಮುದ್ರೆಯೊತ್ತಿದ್ದು, ಪ್ರಶಸ್ತ ರೂಪವುಳ್ಳದ್ದು ಎಂದು ಪಾಣಿನಿಯ ವ್ಯಾಕರಣವು ಅರ್ಥ ಹೇಳುತ್ತದೆ. ನಮ್ಮ ರೂಪಾಯಿಯೂ ಅದೇ ಮೂಲದ್ದು.

ಉಡುಪಿಯ ಹೆಸರೇ ರಜತಪೀಠಪುರ. ರಾಮಭೋಜನೆಂಬ ಅರಸನು ಪರಶುರಾಮದೇವರಿಗೆ ಬೆಳ್ಳಿಯ ಪೀಠವನ್ನು ಸಮರ್ಪಿಸಿದನೆಂದು ಸ್ಥಳಪುರಾಣ. 'ಶಿವಬೆಳ್ಳಿ'ಯೇ ಶಿವಳ್ಳಿಯಾಯಿತೆಂದು ಪ್ರತೀತಿ. ಮಧ್ಯಗೇಹ ಭಟ್ಟರು ಪುತ್ರಾರ್ಥವಾಗಿ 12 ವರ್ಷ ಸೇವಿಸಿದ್ದು ಅಲ್ಲಿಯ ಅನಂತೇಶ್ವರನನ್ನೇ.

ವೇದಾಂತದಲ್ಲಿ ಬೆಳ್ಳಿಗೆ ಇನ್ನೊಂದು ವಿನಿಯೋಗವಿದೆ, ಅದು ಶುಕ್ತಿರಜತ ದೃಷ್ಟಾಂತ. ಹೊಳೆಯುವ ಚಿಪ್ಪನ್ನು ಕಂಡು ಬೆಳ್ಳಿಯೆಂದು ಕೈಚಾಚುತ್ತೇವೆ. ಹತ್ತಿರ ಹೋದಾಗ 'ಇದು ಬೆಳ್ಳಿಯಲ್ಲ' ಎಂದು ತಿಳಿಯುತ್ತದೆ. ಹಾಗಾದರೆ ತೋರಿದ ಬೆಳ್ಳಿ ಎಂಥದು? ಸತ್ತೂ ಅಲ್ಲ, ಅಸತ್ತೂ ಅಲ್ಲ, ಅನಿರ್ವಚನೀಯವೆಂದರು ಅದ್ವೈತಿಗಳು. ಅದು ಅತ್ಯಂತ ಅಸತ್ತೇ ಎಂದರು ಶ್ರೀಮದಾಚಾರ್ಯರು. ಆದರೆ ಚಿಪ್ಪು ಸತ್ಯ, ಬೇರೆಡೆ ಇರುವ ಬೆಳ್ಳಿಯೂ ಸತ್ಯ, ಅವೆರಡರ ಸಾದೃಶ್ಯವೂ ಸತ್ಯ. ನಿಜವಾದ ಬೆಳ್ಳಿಯನ್ನೇ ಅರಿಯದವನಿಗೆ ಆ ಭ್ರಮೆ ಹುಟ್ಟಲಾರದು. ಆದುದರಿಂದ ಜಗತ್ತೇ ಭ್ರಮೆಯೆನ್ನುವವರು ಅದನ್ನು ಹೋಲುವ ಸತ್ಯಜಗತ್ತೊಂದನ್ನು ಒಪ್ಪಬೇಕಾಗುತ್ತದೆ!

ಜಗತ್ತು ಸತ್ಯವಾದ ಮೇಲೆ ಬೆಳ್ಳಿಯೂ ತಿರಸ್ಕಾರಕ್ಕೆ ಯೋಗ್ಯವಲ್ಲ. ಅದು ಸ್ವತಂತ್ರನಾದ ಶ್ರೀಹರಿಯ ಸೊತ್ತು. ಶಕ್ತಿಯುಳ್ಳವರು ಅವನಿಗೆ ಅರ್ಪಿಸುವುದು ಯುಕ್ತವೇ. ಆದರೆ ಆಡಂಬರವನ್ನು ಭಕ್ತಿಯೆಂದು ಬಗೆಯುವುದೂ ಒಂದು ಶುಕ್ತಿರಜತವೇ ಎಂಬುದನ್ನು ನಾವು ಮರೆಯಬಾರದು. ಬೆಳ್ಳಿಯ ಬೆಲೆ ಏರಿದ ಈ ದಿನಗಳಲ್ಲಿ, ಶ್ರಾದ್ಧಕ್ಕೆ ಬೆಳ್ಳಿಯ ಪಾತ್ರೆಗಳಿಲ್ಲವೆಂದು ಒಳಗೊಳಗೇ ನೋಯುವ ಗೃಹಸ್ಥರು ನಮ್ಮಲ್ಲಿದ್ದಾರೆ. ಪಿತೃಕಾರ್ಯಕ್ಕೆ ರಜತವು ಪ್ರಶಸ್ತವೆಂಬುದು ನಿಜ. ಆದರೆ ಅದನ್ನು ವಿಧಿಸುವ ಮನುಸ್ಮೃತಿಯೇ, ಬೆಳ್ಳಿಯ ಸಂಬಂಧವಷ್ಟೇ ಇರುವ ಪಾತ್ರೆಯನ್ನೂ ಒಪ್ಪಿ, ಶ್ರದ್ಧೆಯಿಂದ ಕೊಟ್ಟರೆ ಬರಿಯ ನೀರೂ ಅಕ್ಷಯವಾಗುವುದೆಂದು ಹೇಳುತ್ತದೆ. ಹಾಗಿರಲು, ಸಾಲ ಮಾಡಿ ಪಾತ್ರೆ ಕೊಳ್ಳಬೇಕಾಗಿಲ್ಲ. ಅಜ್ಜನ ಕಾಲದ ಒಂದು ಚಿಕ್ಕ ಉದ್ಧರಣೆಯಿದ್ದರೂ ಸಾಕು.

ಬಳಸದೆ ಇಟ್ಟ ಬೆಳ್ಳಿಯು ಗಾಳಿಯೊಳಗಿನ ಗಂಧಕದ ಅಂಶದಿಂದ ಕಪ್ಪಾಗುತ್ತದೆ. ತಿಕ್ಕಿದರೆ ಮತ್ತೆ ಬೆಳಗುತ್ತದೆ. ಶ್ರವಣ ಮನನಗಳಿಂದ ನಮ್ಮ ಅಂತಃಕರಣವೂ ಹಾಗೆಯೇ ಬೆಳಗಲಿ, ಅದೇ ಶ್ರೀಹರಿಗೆ ರಜತಪೀಠವಾಗಲಿ ಎಂದು ಪ್ರಾರ್ಥಿಸೋಣ.

ಶ್ರೀಕೃಷ್ಣಾರ್ಪಣಮಸ್ತು.