ತ್ಯಾಗ ಮತ್ತು ತ್ಯಾಜ್ಯ

ತ್ಯಾಗ, ತ್ಯಾಜ್ಯ ಎಂಬ ಎರಡು ಶಬ್ದಗಳೂ ಒಂದೇ ಧಾತುವಿನಿಂದ ಹುಟ್ಟಿದವು. ಮೊದಲನೆಯದನ್ನು ದಶಲಕ್ಷಣ ಧರ್ಮಗಳಲ್ಲಿ ಒಂದೆಂದು ಆರಾಧಿಸುತ್ತೇವೆ. ಎರಡನೆಯದನ್ನು ಮೂಗು ಮುಚ್ಚಿಕೊಂಡು ಪಾಲಿಕೆಯ ಗಾಡಿಗೆ ಸುರಿಯುತ್ತೇವೆ. ತ್ಯಾಗದಲ್ಲಿ ಬಿಡುವ ವಸ್ತುವಿನ ಅರಿವಿರುತ್ತದೆ, ಅದು ಯಾರಿಗೆ ಸೇರುತ್ತದೆಂಬ ವಿವೇಕವೂ ಇರುತ್ತದೆ. ಕಸವನ್ನು ಎಸೆಯುವಾಗ ಸಾಮಾನ್ಯವಾಗಿ ಇವೆರಡೂ ಇರುವುದಿಲ್ಲ. ವಸ್ತುವು ಕೈಬಿಟ್ಟೊಡನೆ ಅದರ ಹೊಣೆಯೂ ನಮ್ಮಿಂದ ಬಿಟ್ಟುಹೋಗುವುದೇ ಎಂಬುದು ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ.

ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ಮಲಮೂತ್ರಾದಿಗಳನ್ನು ವಿಸರ್ಜಿಸುವ ಮುನ್ನ ಸ್ಥಳವನ್ನು ನೋಡಿ, ಅಲ್ಲಿ ಜೀವಿಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕೆಂಬುದು ಅದರ ತಾತ್ಪರ್ಯ. ನಡೆಯುವುದಕ್ಕೆ, ನುಡಿಯುವುದಕ್ಕೆ ಎಷ್ಟು ಎಚ್ಚರ ಬೇಕೋ ಬಿಸುಡುವುದಕ್ಕೂ ಅಷ್ಟೇ ಎಚ್ಚರ ಬೇಕೆಂದು ನಮ್ಮ ಆಚಾರ್ಯರು ತಿಳಿದಿದ್ದರು. ಗೃಹಸ್ಥನಿಗೆ ಈ ನಿಯಮ ಪೂರ್ಣವಾಗಿ ಅನ್ವಯಿಸದು, ನಿಜ. ಆದರೆ ಪ್ರಮಾದವೇ ಹಿಂಸೆಯ ಬೀಜವೆಂಬ ತತ್ತ್ವವು ಮುನಿಗೂ ಶ್ರಾವಕನಿಗೂ ಒಂದೇ.

ನಾವು ನೋಡದೆ ಬಿಸುಟದ್ದು ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ಕಸವು ಬಹುಕಾಲ ನಗರದ ಹೊರವಲಯದ ಮಾವಳ್ಳಿಪುರ, ಮಂಡೂರು ಮುಂತಾದ ಹಳ್ಳಿಗಳಿಗೆ ಹೋಯಿತು. ದುರ್ಗಂಧ, ನೊಣ, ಕೆಟ್ಟ ನೀರು ಇವುಗಳಿಂದ ಬೇಸತ್ತ ಗ್ರಾಮಸ್ಥರು ದಾರಿಗೆ ಅಡ್ಡನಿಂತರು. 2012ರಲ್ಲಿ ಮಾವಳ್ಳಿಪುರಕ್ಕೂ 2014ರ ಕೊನೆಗೆ ಮಂಡೂರಿಗೂ ಕಸ ಸಾಗಿಸುವುದು ನಿಂತಿತು. 2015ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯಲ್ಲಿ ಮನೆಯಲ್ಲಿಯೇ ಕಸವನ್ನು ಬೇರ್ಪಡಿಸಬೇಕೆಂದು ಆದೇಶಿಸಿತು. ನಮ್ಮ ನಗರಗಳ ಕಸದಲ್ಲಿ ಸರಿಸುಮಾರು ಅರ್ಧದಷ್ಟು ಹಸಿ ಕಸ. ಅದು ಪ್ಲಾಸ್ಟಿಕ್‌ನೊಡನೆ ಬೆರೆತು ಗುಡ್ಡದ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಅನಿಲ ಹುಟ್ಟುತ್ತದೆ, ಕಪ್ಪು ರಸವು ಅಂತರ್ಜಲಕ್ಕೆ ಇಳಿಯುತ್ತದೆ. ಬೆರೆಯದಿದ್ದರೆ ಅದೇ ವಸ್ತು ಗೊಬ್ಬರವಾಗುತ್ತಿತ್ತು.

ಬೇರ್ಪಡಿಸುವ ಯಾವ ಯೋಜನೆಯೂ ಫಲಿಸಬೇಕಾದರೆ ಕಸದಲ್ಲಿ ಏನಿದೆಯೆಂದು ಮೊದಲು ತಿಳಿಯಬೇಕು. ಇದನ್ನು ಊಹೆಯಿಂದ ತಿಳಿಯಲಾಗದೆಂಬುದಕ್ಕೆ ಅಮೆರಿಕದ ಒಂದು ಅಧ್ಯಯನವೇ ಸಾಕ್ಷಿ. ಅರಿಜೋನಾ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞ ವಿಲಿಯಂ ರಾಥ್ಜೆ 1973ರಲ್ಲಿ ಟೂಸಾನ್ ನಗರದ ಮನೆಗಳ ಕಸವನ್ನು ವಿಂಗಡಿಸಿ ತೂಗಲಾರಂಭಿಸಿದರು. 1987ರಿಂದ ಕಸ ಹೂಳುವ ತಾಣಗಳನ್ನೇ ಅಗೆಸಿದರು. ಹೂತ ಕಸದಲ್ಲಿ ಮಕ್ಕಳ ಡೈಪರ್, ಥರ್ಮೊಕೋಲ್, ಸಿದ್ಧ ಆಹಾರದ ಪೊಟ್ಟಣಗಳೇ ಬಹುಪಾಲು ಇರಬೇಕೆಂದು ಜನ ನಂಬಿದ್ದರು. ಮೂರೂ ಸೇರಿ ನೂರಕ್ಕೆ ಮೂರರ ಆಸುಪಾಸಿನಲ್ಲಿದ್ದವು. ಯಾರೂ ದೂರದ ಕಾಗದವೇ ನೂರಕ್ಕೆ ನಲವತ್ತರಷ್ಟಿತ್ತು. ಹೂತದ್ದೆಲ್ಲ ಮಣ್ಣಾಗುತ್ತದೆಂಬ ನಂಬಿಕೆಯೂ ಉಳಿಯಲಿಲ್ಲ; ದಶಕಗಳ ಹಿಂದಿನ ವೃತ್ತಪತ್ರಿಕೆಗಳನ್ನು ಸಲೀಸಾಗಿ ಓದಬಹುದಿತ್ತು.

ನೀತಿಯ ದೃಷ್ಟಿಯಿಂದ ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ತಾವು ಎಷ್ಟು ಮದ್ಯ ಕುಡಿಯುತ್ತೇವೆಂದು ಜನ ಹೇಳಿದ ಲೆಕ್ಕಕ್ಕೂ ಅವರ ಬುಟ್ಟಿಯಲ್ಲಿ ಸಿಕ್ಕ ಡಬ್ಬಿಗಳ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಅವರೆಲ್ಲ ಬೇಕೆಂದೇ ಸುಳ್ಳಾಡಿದರೆನ್ನಲಾಗದು. ಮನುಷ್ಯನು ತನ್ನ ನಡತೆಯನ್ನು ಇದ್ದುದಕ್ಕಿಂತ ಉತ್ತಮವಾಗಿ ನೆನಪಿಟ್ಟುಕೊಳ್ಳುತ್ತಾನೆ. ನಾವು ಅನ್ನವನ್ನು ಚೆಲ್ಲುವುದಿಲ್ಲ, ನಮ್ಮ ಬಸದಿಯಲ್ಲಿ ಪ್ಲಾಸ್ಟಿಕ್ ಬಳಕೆಯಿಲ್ಲ ಎಂದು ನಾವು ಹೇಳುವ ಮಾತುಗಳಿಗೂ ಇದೇ ಪರೀಕ್ಷೆ ಅಗತ್ಯ. ಆಲೋಚನೆ, ಪ್ರತಿಕ್ರಮಣಗಳಲ್ಲಿ ದೋಷಗಳನ್ನು ಒಂದೊಂದಾಗಿ ಎಣಿಸಿ ಹೇಳುವ ಕ್ರಮವಿರುವುದು ಇದಕ್ಕಾಗಿಯೇ. ಕಸದ ಪರಿಶೀಲನೆಯೂ ಅಂತಹುದೇ ಒಂದು ಎಣಿಕೆ.

ಇಲ್ಲಿ ಗಂಭೀರವಾದ ಒಂದು ಆಕ್ಷೇಪವುಂಟು. ಹಸಿ ಕಸವನ್ನು ಗೊಬ್ಬರದ ತೊಟ್ಟಿಗೆ ಹಾಕಿದರೆ ಅಸಂಖ್ಯ ಜೀವಿಗಳು ಹುಟ್ಟುತ್ತವೆ, ಕೆದಕಿದಾಗ ಸಾಯುತ್ತವೆ. ಆದ್ದರಿಂದ ಗಾಡಿಗೆ ಕೊಟ್ಟುಬಿಡುವುದೇ ಅಹಿಂಸೆಗೆ ಹತ್ತಿರ ಎಂದು ಹಲವರು ಭಾವಿಸುತ್ತಾರೆ. ಈ ಅಳುಕು ಸಾಧುವಾದುದು. ಆದರೆ ಅದರಿಂದ ತೆಗೆದ ನಿರ್ಣಯ ಸಾಧುವಲ್ಲ. ಅನ್ನವು ಎಲ್ಲಿಗೆ ಹೋದರೂ ಕೊಳೆಯುತ್ತದೆ. ಕಸದ ಗುಡ್ಡದಲ್ಲಿಯೂ ಆ ಜೀವಿಗಳು ಹುಟ್ಟಿ ಸಾಯುತ್ತವೆ. ಅದರ ಮೇಲೆ ಚೀಲದೊಳಗಿನ ಅನ್ನದಾಸೆಗೆ ಪ್ಲಾಸ್ಟಿಕ್ ನುಂಗಿದ ಹಸುಗಳ ಸಾವು, ಬರಿಗೈಯಲ್ಲಿ ಕಸ ಕೆದಕುವವರ ರೋಗ ಸೇರಿಕೊಳ್ಳುತ್ತವೆ. ಹಿಂಸೆಯನ್ನು ಕೃತ, ಕಾರಿತ, ಅನುಮೋದಿತವೆಂದು ವಿಂಗಡಿಸಿದ ಧರ್ಮದಲ್ಲಿ, ಗಾಡಿಯವನ ಕೈಗೆ ದಾಟಿಸಿದೆನೆಂಬ ಕಾರಣಕ್ಕೆ ಪಾಪ ದಾಟಿಹೋಗದು. ಆಗ ಕೃತವಾಗಬಹುದಾಗಿದ್ದುದು ಕಾರಿತವಾಗುತ್ತದೆ, ಅಷ್ಟೆ.

ಹೀಗಿರುವಾಗ ಕಡಿಮೆ ಹಿಂಸೆಯ ದಾರಿ ಕಸ ಹುಟ್ಟುವುದಕ್ಕೂ ಮುನ್ನವೇ ತೊಡಗುತ್ತದೆ. ಅಳತೆಯಿಂದ ಅಡುಗೆ ಮಾಡುವುದು, ಎಲೆಯಲ್ಲಿ ಬಿಡದೆ ಉಣ್ಣುವುದು ಮೊದಲ ಹೆಜ್ಜೆ. ಊಟವಾದ ಮೇಲೆ ತಟ್ಟೆ ತೊಳೆದ ನೀರನ್ನು ಕುಡಿಯುವ ಪದ್ಧತಿ ಕೆಲವು ಜೈನ ಕುಟುಂಬಗಳಲ್ಲಿದೆ. ತರಕಾರಿ ಸಿಪ್ಪೆಯನ್ನು ಅಂದೇ ಹಸುಗಳಿಗೆ ಹಾಕುವುದು ಎರಡನೆಯದು. ಉಳಿದ ಅಲ್ಪವನ್ನು ಒಣ ತರಗೆಲೆಯೊಡನೆ ಮುಚ್ಚಿಟ್ಟು ಗೊಬ್ಬರ ಮಾಡುವುದು ಕೊನೆಯದು.

ಬಸದಿಗಳ ಆಡಳಿತ ಮಂಡಳಿಗಳು ಒಂದು ಸಾಮಾನ್ಯ ವಾರ ಮತ್ತು ಒಂದು ಪರ್ವದ ದಿನವನ್ನು ಇದಕ್ಕೆಂದು ಆರಿಸಿಕೊಳ್ಳಬಹುದು. ಅಂದಂದಿನ ಕಸವನ್ನು ಕೊಳೆಯುವ ಮೊದಲೇ ನೆರಳಿನಲ್ಲಿ ಟಾರ್ಪಾಲಿನ ಮೇಲೆ ಹರಡಿ, ಮಿಕ್ಕ ಅನ್ನ, ಸಿಪ್ಪೆ, ಹೂವು, ಎಲೆ, ಕಾಗದ, ಹಾಲಿನ ಪ್ಯಾಕೆಟ್, ನೀರಿನ ಬಾಟಲಿಗಳೆಂದು ಬೇರೆ ಮಾಡಿ ತೂಗಬೇಕು. ಕಸ ಬಹಳವಿದ್ದರೆ ಚೆನ್ನಾಗಿ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಮಾತ್ರ ವಿಂಗಡಿಸಿದರೆ ಸಾಕು. ಯಾರ ಮನೆಯ ಕಸ, ಯಾರು ಉಳಿಸಿದ ಅನ್ನ ಎಂದು ಹುಡುಕಬಾರದು. ಪರರ ದೋಷ ಬಯಲಿಗೆಳೆಯುವುದು ಇದರ ಉದ್ದೇಶವಲ್ಲ. ಈ ಕೆಲಸವನ್ನು ಗುಡಿಸುವವರಿಗೆ ಒಪ್ಪಿಸಿ ದೂರ ನಿಲ್ಲಲೂಬಾರದು. ಕೈಗವಸು ತೊಟ್ಟು ಮಂಡಳಿಯ ಸದಸ್ಯರೇ ತಕ್ಕಡಿ ಹಿಡಿಯಬೇಕು.

ಹಾಗೆ ತೂಗಿದಾಗ ಅನ್ನವೇ ಹೆಚ್ಚೆಂದು ಕಂಡರೆ ಅಡುಗೆಯ ಅಳತೆ ತಿದ್ದಬೇಕು. ಬಾಟಲಿಯೇ ಹೆಚ್ಚೆಂದು ಕಂಡರೆ ಲೋಟಗಳನ್ನು ಕೊಳ್ಳಬೇಕು. ನಮ್ಮ ಟ್ರಸ್ಟುಗಳು ಪ್ರತಿ ವರ್ಷ ಸರ್ವಸದಸ್ಯರ ಸಭೆಯಲ್ಲಿ ಜಮಾ ಖರ್ಚಿನ ಲೆಕ್ಕವನ್ನು ಓದಿ ಒಪ್ಪಿಸುತ್ತವೆ. ಎಸೆದುದರ ಲೆಕ್ಕವನ್ನೂ ಅದರ ಜೊತೆಗೆ ಓದುವ ಪರಿಪಾಠ ಬರಲಿ ಎಂದು ವಿನಂತಿಸುತ್ತೇವೆ.